ಮಂಜಗುಣಿಯ ರಕ್ತಪಿಶಾಚಿ

ಮಂಜಗುಣಿಯ ಹೈಸ್ಕೂಲಿನ ಪಾಲಕರ ಸಮಿತಿಗೆ ಮಾಬ್ಲೇಶ್ವರ ಅಧ್ಯಕ್ಷನಾದದ್ದು ವಿದ್ಯೆಯಿಂದಲೂ ಅಲ್ಲ, ವಶೀಲಿಯಿಂದಲೂ ಅಲ್ಲ. ಜೂನ್ ತಿಂಗಳ ಸಭೆಗೆ ಅವನು ಅರ್ಧ ತಾಸು ತಡವಾಗಿ ಬಂದ. ಒಳಗೆ ಖಾಲಿ ಇದ್ದದ್ದು ಒಂದೇ ಕುರ್ಚಿ. ಯಾರೂ ಒಪ್ಪದೆ ಅಷ್ಟು ಹೊತ್ತಿನಿಂದ ಖಾಲಿ ಬಿದ್ದಿದ್ದ ಅಧ್ಯಕ್ಷರ ಕುರ್ಚಿ ಅದು. ಅವನು ಉಸ್ಸಪ್ಪಾ ಎಂದು ಅದರಲ್ಲಿ ಕೂತದ್ದೇ ತಡ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ತನ್ನ ಹೊಸ ಅಂಗಿಗೆ ತಟ್ಟುತ್ತಿದ್ದಾರೆಂದು ತಿಳಿದು ಮಾಬ್ಲೇಶ್ವರ ನಾಚಿಕೊಂಡ.

ಮಳೆಗಾಲ ಮುಗಿದ ಮೇಲೆ ಹರಿವೆ, ಬಸಳೆ, ಮೂಲಂಗಿ ಬೆಳೆಯುವುದು, ಉಳಿದ ದಿನಗಳಲ್ಲಿ ಬೇರೆಯವರ ತೋಟಕ್ಕೆ ಬೇಲಿ ಕಟ್ಟಲು ಕೂಲಿಗೆ ಹೋಗುವುದು, ಇದು ಅವನ ಬದುಕು. ಅಧ್ಯಕ್ಷನಾದ ಮರುದಿನದಿಂದ ಬೇಲಿ ಕಟ್ಟಲು ಹೋಗುವಾಗಲೂ ಕಿಸೆಗೆ ಪೆನ್ನು ಸಿಕ್ಕಿಸಿಕೊಳ್ಳತೊಡಗಿದ. ಅದರಲ್ಲಿ ರೀಫಿಲ್ ಇರಲಿಲ್ಲ. ಅದು ಅವನಿಗೂ ಅವನ ಹೆಂಡತಿ ಜಯಶ್ರೀಗೂ ಮಾತ್ರ ಗೊತ್ತಿದ್ದ ವಿಷಯ.

ನವೆಂಬರಿನ ಸಭೆಯಲ್ಲಿ ವಿಜ್ಞಾನ ಕಲಿಸುವ ಭಾರತಿ ಅಕ್ಕೋರು ಎದ್ದು ನಿಂತರು.

"ನಿಮ್ಮ ಮಕ್ಕಳು ಮೊಬೈಲಲ್ಲಿ ಎಂತ ಆಡ್ತಾರೆ ಅಂತ ಎಷ್ಟು ಜನರಿಗೆ ಗೊತ್ತದೆ? ಹೊಡಿಯೂದು, ಬಡಿಯೂದು, ಬಾಂಬು ಹಾಕೂದು. ಕಸ್ಕೊಂಡು ಅಟ್ಟದ ಮೇಲೆ ಇಟ್ರೆ ಕದ್ದು ಆಡ್ತಾರೆ. ಜೊತೆಗೆ ಕೂತ್ಕೊಳ್ಳಿ. ಯಾವ ವಯಸ್ಸಿನವ್ರ ಆಟ ಅಂತ ನೋಡಿ. ಅಲ್ಲಿ ಯಾರ ಹತ್ರ ಮಾತಾಡ್ತಾರೆ ಅಂತ ಕೇಳಿ."

ದೋಣಿಯ ಜಟ್ಟು ಎದ್ದು, "ನಮ್ಮ ಸುನೀಲ ಮೊಬೈಲು ಅಡ್ಡ ಹಿಡ್ಕಂಡು ಓದ್ತಾ ಇರ್ತಾನೆ ಅಕ್ಕೋರೇ. ಭಾರೀ ಓದು. ಕರೆದ್ರೂ ಕೇಳೂದಿಲ್ಲ," ಎಂದ.

ಅಕ್ಕೋರು ನಿಟ್ಟುಸಿರು ಬಿಟ್ಟು ತಿರುಗಿದರು. "ಅಧ್ಯಕ್ಷರೇ, ನೀವು?"

ಮಾಬ್ಲೇಶ್ವರನ ಮಗಳು ನಂದಿನಿ ಒಂಬತ್ತನೇ ಇಯತ್ತೆ. ಅವಳು ಜಗಲಿಯಲ್ಲಿ ಮೊಬೈಲು ಹಿಡಿದು ಕೂತಾಗ ಮುಖದ ಮೇಲೆ ಕೆಂಪು, ಹಳದಿ, ಹಸಿರು ಬೆಳಕು ಹೊಳೆಯುವುದನ್ನು ಅವನು ದೂರದಿಂದ ನೋಡಿದ್ದ. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆದರೆ ಅಧ್ಯಕ್ಷನಾದವನು ಗೊತ್ತಿಲ್ಲ ಎನ್ನುವುದು ಹೇಗೆ?

"ನಮ್ಮ ನಂದಿನಿ ಆಡೂದು ರಂಗೋಲಿ ಗೇಮು," ಎಂದ. "ಚುಕ್ಕಿ ಇಡೂದು, ಗೆರೆ ಎಳಿಯೂದು, ಬಣ್ಣ ತುಂಬೂದು. ನಾ ದಿನಾ ಪಕ್ಕದಲ್ಲೇ ಕೂತು ನೋಡ್ತೆ. ಚುಕ್ಕಿ ತಪ್ಪಿದ್ರೆ ಹೇಳಿ ಕೊಡ್ತೆ."

ಭಾರತಿ ಅಕ್ಕೋರ ಕಣ್ಣು ಅರಳಿತು. ಎಲ್ಲ ಪಾಲಕರೂ ಅಧ್ಯಕ್ಷರನ್ನು ನೋಡಿ ಕಲಿಯಬೇಕು, ಮುಂದಿನ ಸಭೆಯಲ್ಲಿ ಅಧ್ಯಕ್ಷರೇ ಈ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕು ಎಂದು ಅಲ್ಲೇ ಠರಾವಾಯಿತು. ಮಾಬ್ಲೇಶ್ವರ ಗಂಭೀರವಾಗಿ ಪೆನ್ನು ತೆಗೆದು ಬರೆದುಕೊಂಡಂತೆ ಮಾಡಿದ.

ಮನೆಗೆ ಬಂದವನೇ ಮಗಳ ಪಕ್ಕದಲ್ಲಿ ಕೂತ. ಮೊಬೈಲಿನಿಂದ ಠಾ ಠಾ ಠಾ ಎಂದು ಸದ್ದು ಬರುತ್ತಿತ್ತು. ಒಬ್ಬ ಮನುಷ್ಯ ಗೋಡೆ ಹಾರುವಾಗಲೇ ನೆಲಕ್ಕೆ ಬಿದ್ದ.

"ಇದೆಂತ ಮಗಾ?"

"ರಣದ್ವೀಪ. ನೂರು ಜನ ವಿಮಾನದಿಂದ ಹಾರ್ತಾರೆ. ಕಡೆಗೆ ಒಂದೇ ತಂಡ ಉಳೀಬೇಕು."

"ಉಳಿದವ್ರು?"

"ಸಾಯ್ತಾರೆ."

"ಯಾರು ಕೊಲ್ಲೂದು?"

"ಎಲ್ರೂ. ನಾ ಇವತ್ತು ಬರೇ ಹನ್ನೊಂದು ಜನರನ್ನ ಕೊಂದದ್ದು. ನೆಟ್‌ವರ್ಕ್ ಸಮಾ ಇರ್ಲಿಲ್ಲ," ಎಂದಳು ನಂದಿನಿ, ಕಣ್ಣು ಕೀಳದೆ.

ಮಾಬ್ಲೇಶ್ವರ ಕಂಬಕ್ಕೆ ಒರಗಿದ. ಮೊಬೈಲಿನ ಮೂಲೆಯಲ್ಲಿ ಬರೆದಿದ್ದ ಅಂಕಿ ಕಣ್ಣಿಗೆ ಬಿತ್ತು. "ಇಲ್ಲಿ ಹದಿನಾರು ಪ್ಲಸ್ ಅಂತ ಅದ್ಯಲ್ಲ, ಎಂತದು?"

ನಂದಿನಿಗೆ ಹದಿನಾಲ್ಕು ವರ್ಷ. ಅವಳು ಒಂದು ಕ್ಷಣ ತಡೆದು, "ಅದು... ಹದಿನಾರಕ್ಕಿಂತ ಜಾಸ್ತಿ ಕೊಂದ್ರೆ ಬಹುಮಾನ ಅಂತ," ಎಂದಳು.

ಈಗ ಮೊಬೈಲು ಕಸಿದುಕೊಂಡರೆ ಮಗಳು ಶಾಲೆಯಲ್ಲಿ ಹೇಳುತ್ತಾಳೆ. ಹೇಳಿದರೆ ರಂಗೋಲಿಯ ಚುಕ್ಕಿಗಳೆಲ್ಲ ಅಳಿಸಿಹೋಗುತ್ತವೆ. ಜೊತೆಗೆ ಕೂತುಕೊಳ್ಳಿ ಎಂದು ಅಕ್ಕೋರು ಹೇಳಿದ್ದರು ನಿಜ. ಆದರೆ ಮಗಳ ಎದುರು ಕೂತು, ನನಗೇನೂ ತಿಳಿಯುವುದಿಲ್ಲ, ಹೇಳಿಕೊಡು ಎನ್ನುವುದಕ್ಕೆ ತಂದೆಯ ನಾಲಿಗೆ ಏಳಬೇಕಲ್ಲ. ಮಾಬ್ಲೇಶ್ವರ ಒಂದು ರಾತ್ರಿ ಯೋಚಿಸಿ, ಜೊತೆಗೆ ಕೂತುಕೊಳ್ಳುವುದೇ ಸರಿ, ಆದರೆ ಮಗಳಿಗೆ ಗೊತ್ತಾಗದಂತೆ ಎಂದು ತೀರ್ಮಾನಿಸಿದ.

ಮರುದಿನ ಅವನು ಅಂಕೋಲಾ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ಅಂಗಡಿ ಇಟ್ಟಿದ್ದ ಯೋಗೇಶನಲ್ಲಿಗೆ ಹೋದ.

"ರಣದ್ವೀಪ ಹಾಕಿ ಕೊಡು."

ಯೋಗೇಶ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಗೇ? ವಯಸ್ಸೆಷ್ಟು?"

"ನಲವತ್ಮೂರು. ಎಂತಕೆ?"

"ಹಾಂಗಾದ್ರೆ ಅಡ್ಡಿಲ್ಲ. ಹದಿನಾರು ದಾಟಿದವ್ರು ಮಾತ್ರ ಆಡೂದು ಇದು."

ಬಹುಮಾನದ ಅರ್ಥ ಮಾಬ್ಲೇಶ್ವರನಿಗೆ ಆಗ ತಿಳಿಯಿತು. ಹಲ್ಲು ಕಚ್ಚಿಕೊಂಡ.

"ಆಟದಲ್ಲಿ ಹೆಸ್ರೆಂತ ಇಡ್ಲಿ?" ಎಂದು ಯೋಗೇಶ ಕೇಳಿದ.

"ನನ್ನ ಹೆಸ್ರು ಬೇಡ. ಎಂತಾದ್ರೂ ಒಂದು."

ಹುಲಿ, ಸಿಂಹ, ಕಾಳಿಂಗ ಎಲ್ಲ ಹೆಸರುಗಳನ್ನೂ ಯಾರ್ಯಾರೋ ತೆಗೆದುಕೊಂಡಿದ್ದರು. ಮೊಬೈಲು ತಾನಾಗಿ ತೋರಿಸಿದ ಹೆಸರು ‘ರಕ್ತಪಿಶಾಚಿ ೭೭’.

"ಎಪ್ಪತ್ತೇಳು ಎಂತಕೆ?"

"ಎಪ್ಪತ್ತಾರು ಪಿಶಾಚಿ ಮೊದ್ಲೇ ಬಂದು ಕೂತವೆ."

ಧ್ವನಿಯ ಪ್ರಶ್ನೆಯೂ ಬಂತು. ಆಟದಲ್ಲಿ ಮಾತಾಡಿದರೆ ಮಗಳು ಗುರುತು ಹಿಡಿಯುವುದಿಲ್ಲವೇ? ಧ್ವನಿ ಬದಲಿಸುವ ವ್ಯವಸ್ಥೆ ಇದೆ ಎಂದ ಯೋಗೇಶ. ಕೂಸು, ಯಂತ್ರ, ದೈತ್ಯ, ಹೀಗೆ ಮೂರು ಬಗೆ. ಕೂಸಿನ ಧ್ವನಿಯಲ್ಲಿ ಮಾತಾಡಲು ಅಧ್ಯಕ್ಷನಿಗೆ ಮನಸ್ಸಾಗಲಿಲ್ಲ. ಯಂತ್ರದ ಧ್ವನಿ ಕೆಟ್ಟ ಪಂಪಿನಂತೆ ಕೇಳಿತು. ಉಳಿದದ್ದು ದೈತ್ಯ.

"ಯಾರನ್ನ ಹೆದ್ರಿಸೂಕೆ ಇದು?" ಎಂದ ಯೋಗೇಶ.

"ಹೆದ್ರಿಸೂಕೆ ಅಲ್ಲ. ಮಗಳ ಅಭ್ಯಾಸಕ್ಕೆ," ಎಂದ ಮಾಬ್ಲೇಶ್ವರ.

ಮನೆಯಲ್ಲಿ ಆಟಕ್ಕೆ ಸಂಜೆ ಆರರಿಂದ ಏಳರವರೆಗೆ ಸಮಯ. ಅದನ್ನು ಗೊತ್ತು ಮಾಡಿದವಳು ಗೇರುಬೀಜದ ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದ ಜಯಶ್ರೀ. ಅಂದು ಆರಕ್ಕೆ ಐದು ನಿಮಿಷ ಇರುವಾಗ ಮಾಬ್ಲೇಶ್ವರ ಎದ್ದು, "ಹರಿವೆಗೆ ನೀರು ಬಿಟ್ಟು ಬತ್ತೆ," ಎಂದು ಹೇಳಿ ಹಿತ್ತಲಾಚೆಯ ಪಂಪಿನ ಕೋಣೆ ಸೇರಿದ. ನಂದಿನಿಯ ತಂಡದಲ್ಲಿ ಇದ್ದದ್ದು ಅವಳು ಮತ್ತು ಜಟ್ಟುವಿನ ಮಗ ಸುನೀಲ. ಮೂರನೆಯವನ ಜಾಗ ಖಾಲಿ ಇತ್ತು. ಯೋಗೇಶ ಹೇಳಿಕೊಟ್ಟಂತೆ ಒತ್ತಿದಾಗ ಅವರು ರಕ್ತಪಿಶಾಚಿಯನ್ನು ಸೇರಿಸಿಕೊಂಡರು. ಅಂಥ ಹೆಸರಿನವನು ಭಾರೀ ಹೊಡೆತಗಾರನೇ ಇರಬೇಕು ಎಂಬುದು ಅವರ ಲೆಕ್ಕ.

ಮೊದಲ ದಿನವೇ ಆ ಲೆಕ್ಕ ತಪ್ಪಿತು. ಎಲ್ಲರೂ ಹಾರಿದರೂ ಪಿಶಾಚಿ ವಿಮಾನ ಬಿಟ್ಟು ಇಳಿಯಲಿಲ್ಲ. ಕಡೆಗೆ ವಿಮಾನವೇ ಅವನನ್ನು ಹೊರಗೆ ದಬ್ಬಿತು. ದ್ವೀಪದಲ್ಲಿ ಅವನು ನಂದಿನಿಯ ಬೆನ್ನ ಹಿಂದೆಯೇ ನಡೆದ. ಗುಂಡು ಹಾರಿಸಲಿಲ್ಲ. ಅವಳು ಯಾವುದೋ ಮನೆಗೆ ನುಗ್ಗಿದಾಗ ಪಾತಾಳದಿಂದ ಬಂದಂಥ ಧ್ವನಿಯೊಂದು ಗುಡುಗಿತು:

"ತಂಗೀ, ಯಾರ ಮನೆಯೋ ಎಂತದೋ. ಕೇಳಿ ಒಳಗೆ ಹೋಗು."

ನಂದಿನಿಯ ಕೈಯಿಂದ ಮೊಬೈಲು ಜಾರಿತು.

ಎರಡನೇ ದಿನ ಅವನು ಅವರು ತೆರೆದು ಬಿಟ್ಟ ಬಾಗಿಲುಗಳನ್ನೆಲ್ಲ ಹಾಕುತ್ತ ಬಂದ. ಮೂರನೇ ದಿನ ಗದ್ದೆಯ ನಡುವೆ ಓಡುತ್ತಿದ್ದ ಶತ್ರುಗಳಿಗೆ, "ಗದ್ದೆ ಅಂಚಿನ ಮೇಲೆ ಓಡ್ರೋ, ಬೆಳೆ ತುಳಿಬೇಡಿ!" ಎಂದು ದೈತ್ಯ ಧ್ವನಿಯಲ್ಲಿ ಕೂಗಿ ನಂದಿನಿ ಅಡಗಿದ್ದ ಜಾಗವನ್ನು ಹತ್ತಾರು ಜನರಿಗೆ ತಿಳಿಸಿಬಿಟ್ಟ. ನಾಲ್ಕನೇ ದಿನ ಅವಳ ಮೇಲೆ ಯಾರೋ ಗುರಿ ಇಟ್ಟಾಗ ಅಡ್ಡ ಬಂದು ನಿಂತು ತಾನೇ ಸತ್ತ. ಸುನೀಲ ಅವನನ್ನು ತಂಡದಿಂದ ತೆಗೆಯೋಣ ಎಂದ. "ಇರ್ಲಿ ಬಿಡು, ಗುಂಡು ತಾಗಿಸ್ಕೊಳ್ಳೂಕೆ ಒಂದು ಜನ ಬೇಕಲ್ಲ," ಎಂದಳು ನಂದಿನಿ.

ಹೀಗೆ ಹದಿನೆಂಟು ದಿನ ನಡೆಯಿತು. ಇತ್ತ ಹರಿವೆ ಕುತ್ತಿಗೆವರೆಗೆ ನೀರಲ್ಲಿ ನಿಂತು ಕೊಳೆಯತೊಡಗಿತು.

ಹದಿನೆಂಟನೇ ದಿನ ಊರಿಗೆಲ್ಲ ಬಂಗಡೆ ಮೀನು ಬಂದಿತ್ತು. ನಂದಿನಿ ಸಂಜೆಯೇ ಉಂಡು ಆಟಕ್ಕೆ ಕೂತಳು. ನಡುವೆ ಎರಡು ಸಲ ಕೆಮ್ಮಿದಳು.

"ಬಂಗಡೆ ಮುಳ್ಳು ಸಿಕ್ಕಿತೇ ತಂಗೀ?" ಎಂದಿತು ಪಿಶಾಚಿ. "ಒಂದು ಮುಷ್ಟಿ ಅನ್ನ ನುಂಗು."

ದ್ವೀಪದಲ್ಲಿ ಓಡುತ್ತಿದ್ದ ನಂದಿನಿ ಗಕ್ಕನೆ ನಿಂತಳು. ಆಮೇಲೆ ಸುನೀಲನ ಧ್ವನಿ ಬಂತು. "ನಂದಿನೀ, ನೀ ಬಂಗಡೆ ತಿಂದದ್ದು ಇವಂಗೆ ಹೆಂಗೆ ಗೊತ್ತು?"

ಮಾಬ್ಲೇಶ್ವರ ಮಾತು ತೇಲಿಸಲೆಂದು, "ಇವತ್ತು ಊರಿಗೆಲ್ಲ ಬಂಗಡೆನೇ ಅಲ್ವೇ ಬಂದದ್ದು," ಎಂದ. ಅದರಿಂದ ಪಿಶಾಚಿ ಇದೇ ಊರಿನದು ಎಂದು ಖಾತ್ರಿಯಾಯಿತು. ಅದನ್ನೂ ತೇಲಿಸಲೆಂದು ಗಡಬಡೆಯಲ್ಲಿ, "ಆಟ ಸಾಕು. ನಾಳೆ ನಿಂಗೆ ಗಣಿತದ ಪರೀಕ್ಷೆ. ಹೋಗಿ ಓದು. ನೀಲಿ ನೋಟ್‌ಬುಕ್ಕು ಮಂಚದ ಕೆಳಗೆ ಬಿದ್ದದೆ," ಎಂದ.

ನಂದಿನಿ ಮಂಚದ ಕೆಳಗೆ ಬಗ್ಗಿ ನೋಡಿದಳು. ನೀಲಿ ನೋಟ್‌ಬುಕ್ಕು ಇತ್ತು.

ಅವಳು ಕೂಗಿದ ಕೂಗು ಪಂಪಿನ ಕೋಣೆಗೆ ಮೊಬೈಲಿನಿಂದಲೂ ಕೇಳಿಸಿತು, ಮೊಬೈಲಿಲ್ಲದೆಯೂ ಕೇಳಿಸಿತು.

ಮಾಬ್ಲೇಶ್ವರ ಓಡಿ ಬರುವಷ್ಟರಲ್ಲಿ ಅಂಗಳ ತುಂಬಿಹೋಗಿತ್ತು. ಅವನ ತಾಯಿ ಹೊನ್ನಮ್ಮ ಕಸ ಗುಡಿಸುವ ಹಿಡಿಸೂಡಿ ಹಿಡಿದು ಮಂಚದ ಕೆಳಗೆ ಬಡಿಯುತ್ತಿದ್ದಳು. "ರಕ್ತಪಿಶಾಚಿ ಅಂತೆ ಮಾಬ್ಲೂ! ಮಂಚದಡಿಗೆ ಕೂತು ಲೆಕ್ಕದ ಪುಸ್ತಕ ಓದ್ತಿತ್ತಂತೆ!"

ಜಯಶ್ರೀ ಅತ್ತೆಯನ್ನು ಪಕ್ಕಕ್ಕೆ ಸರಿಸಿದಳು. "ಪಿಶಾಚಿ ಅಲ್ಲ ಅತ್ತೆ, ಮನುಷ್ಯ. ಯಾವನೋ ಕಿಡಕಿಯಿಂದ ನೋಡ್ತಾ ಇರ್ಬೇಕು. ಮಗಳು ಉಂಡದ್ದೂ ಗೊತ್ತು, ಪರೀಕ್ಷೆ ಅದೆ ಅಂತಲೂ ಗೊತ್ತು ಅವಂಗೆ."

ಮಾಬ್ಲೇಶ್ವರ ಬಾಯಿ ತೆರೆದ. ನಿಜವಾಗಿಯೂ ಹೇಳಿಬಿಡಬೇಕೆಂದೇ ತೆರೆದ. ಅಷ್ಟರಲ್ಲಿ ಜಟ್ಟು ದೋಣಿಯ ಹುಟ್ಟನ್ನೇ ಹೆಗಲ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದ.

"ಯಾರಂವ? ತೋರ್ಸಿ! ತೆಂಗಿನಮರಕ್ಕೆ ಕಟ್ಟಿ ಇದ್ರಲ್ಲೇ ನಾಲ್ಕು ಬಾರ್ಸ್ತೆ! ನೀ ಎಂತ ಹೇಳ್ತಿ ಮಾಬ್ಲೇಶ್ವರ?"

ಮಾಬ್ಲೇಶ್ವರ ಹುಟ್ಟಿನ ಅಗಲ ನೋಡಿದ. "ನಾಲ್ಕು ಬೇಡ," ಎಂದ. "ಒಂದು ಸಾಕು."

"ಅಂವಂಗೆ ದಯೆ ತೋರಿಸ್ತಿಯೇ? ನಿನ್ನ ಮಗಳೋ!"

"ಹಾಂಗಾದ್ರೆ... ನಾಲ್ಕು," ಎಂದ ಮಾಬ್ಲೇಶ್ವರ ಕ್ಷೀಣವಾಗಿ.

ಅಂದಿನಿಂದ ನಂದಿನಿ ಮೀನು ಮುಟ್ಟಲಿಲ್ಲ. ಕಿಡಕಿ ತೆರೆಯಲು ಬಿಡಲಿಲ್ಲ. ಒಬ್ಬಳೇ ಶಾಲೆಗೆ ಹೋಗಲು ಒಪ್ಪಲಿಲ್ಲ. ಭಾರತಿ ಅಕ್ಕೋರಿಗೆ ಸುದ್ದಿ ಮುಟ್ಟಿತು. ಅವರೇ ಫೋನು ಮಾಡಿ, ಮೂರನೇ ದಿನ ಗಂಡ, ಹೆಂಡತಿ, ಮಗಳನ್ನು ಕಾರವಾರದ ಸೈಬರ್ ಪೊಲೀಸ್ ಠಾಣೆಗೆ ಕಳಿಸಿದರು.

ಕಾರವಾರದಲ್ಲಿ ಅವರ ಎದುರು ಕೂತವರು ಸಬ್ ಇನ್‌ಸ್ಪೆಕ್ಟರ್ ವಿನೋದ. ಅಲ್ಲೇ ಹತ್ತಿರದ ಕಿನ್ನರ ಊರಿನವರು, ಮೆತ್ತಗಿನ ಮನುಷ್ಯ, ಆದರೆ ಮೀಸೆ ಮೆತ್ತಗಿರಲಿಲ್ಲ. ನಂದಿನಿ ಒಂದೊಂದಾಗಿ ಹೇಳುತ್ತ ಹೋದಳು, ಅವರು ಬರೆದುಕೊಳ್ಳುತ್ತ ಹೋದರು.

"ಹದಿನೆಂಟು ದಿನದಲ್ಲಿ ಒಂದು ಗುಂಡೂ ಹಾರಿಸ್ಲಿಲ್ವಾ?"

"ಇಲ್ಲ ಸರ್. ಬರೇ ಹಿಂದೆ ಬರ್ತಾನೆ. ಬಾಗಿಲು ಹಾಕ್ತಾನೆ. ಊಟ ಆಯ್ತೇ ಕೇಳ್ತಾನೆ."

"ಅಂದ್ರೆ ಆಟಕ್ಕೆ ಬಂದವನಲ್ಲ," ಎಂದು ವಿನೋದ ಮೀಸೆ ತೀಡಿದರು. "ಉದ್ದೇಶ ಬೇರೆ. ಅಧ್ಯಕ್ಷರೇ, ನೀವು ದಿನಾ ಮಗಳ ಪಕ್ಕದಲ್ಲೇ ಕೂತಿರ್ತೀರಿ ಅಂತ ಅಕ್ಕೋರು ಹೇಳಿದ್ರು. ನಿಮಗೆಂತ ಕೇಳಿಸ್ತು?"

"ಯಾರು, ಇವ್ರೇ?" ಎಂದಳು ಜಯಶ್ರೀ. "ಇವ್ರು ದಿನಾ ಕೂತ್ಕೊಳ್ಳೂದು ಹರಿವೆ ಪಕ್ಕದಲ್ಲಿ ಸರ್."

ಮಾಬ್ಲೇಶ್ವರ ಗಂಟಲು ಸರಿಮಾಡಿಕೊಂಡ. "ನಂಗೆ ಕಂಡ ಹಾಂಗೆ ಸರ್, ಅವ ಒಳ್ಳೆ ಮನುಷ್ಯನೇ ಇರ್ಬೇಕು."

"ಹೇಗೆ ಹೇಳ್ತೀರಿ?"

"ಊಟ ಆಯ್ತೇ ಕೇಳ್ತಾನಲ್ಲ. ಈಗಿನ ಕಾಲದಲ್ಲಿ ಯಾರು ಕೇಳ್ತಾರೆ?"

ವಿನೋದ ಬರೆದುಕೊಂಡರು: ‘ಊಟೋಪಚಾರದ ವಿಚಾರಣೆ ಮೂಲಕ ವಿಶ್ವಾಸ ಗಳಿಸುವ ತಂತ್ರ. ತಂದೆಯೂ ಮೋಸ ಹೋಗಿದ್ದಾರೆ.’ ಆಮೇಲೆ ಹಾಳೆಯನ್ನು ಮುಂದೆ ತಳ್ಳಿ ಸಹಿ ಮಾಡಲು ಹೇಳಿದರು. ಮಾಬ್ಲೇಶ್ವರ ಕಿಸೆಯ ಪೆನ್ನು ತೆಗೆದು ಮೂರು ಸಲ ಗೀಚಿದ. ಬರೆಯಲಿಲ್ಲ. ಇನ್‌ಸ್ಪೆಕ್ಟರೇ ತಮ್ಮ ಪೆನ್ನು ಕೊಟ್ಟರು. ಹೀಗೆ ತನ್ನ ಮೇಲೆ ತಾನೇ ದೂರು ಕೊಟ್ಟು, ತಾನೇ ಸಹಿ ಹಾಕಿ, ಪ್ರತಿಯನ್ನು ತಾನೇ ಮಡಚಿ ಕಿಸೆಯಲ್ಲಿಟ್ಟುಕೊಂಡ ಮನುಷ್ಯ ಅಂಕೋಲಾ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ.

ಆಟದ ಕಂಪನಿಗೆ ಪತ್ರ ಬರೆದರೆ ಉತ್ತರ ಬರಲು ತಿಂಗಳಾಗುತ್ತದೆ ಎಂದರು ವಿನೋದ. ಅದಕ್ಕಿಂತ ಶನಿವಾರ ಸಂಜೆ ಆರಕ್ಕೆ ಶಾಲೆಯಲ್ಲಿ ಎಲ್ಲ ಪಾಲಕರ ಎದುರೇ ನಂದಿನಿ ಆಡಲಿ. ಅವನು ಬಂದರೆ ಮಾತಿಗೆಳೆಯಲಿ. ಮಾತಾಡುತ್ತ ಮಾತಾಡುತ್ತ ಎಲ್ಲಿಯವನೆಂದು ಅವನೇ ಬಾಯಿ ಬಿಡುತ್ತಾನೆ.

ವಾಪಸು ಬರುವ ಬಸ್ಸಿನಲ್ಲಿ ನಂದಿನಿ ಅಪ್ಪನ ತೋಳು ಹಿಡಿದುಕೊಂಡು ಕೂತಳು. ನಾಲ್ಕನೇ ಇಯತ್ತೆ ದಾಟಿದ ಮೇಲೆ ಅವಳು ಹಾಗೆ ಹಿಡಿದುಕೊಂಡದ್ದೇ ಇಲ್ಲ. "ಅಪ್ಪಾ," ಎಂದಳು, "ಇನ್ಮೇಲೆ ಆರು ಗಂಟೆಗೆ ನೀ ಹರಿವೆಗೆ ಹೋಗ್ಬೇಡ. ಮನೆಲ್ಲೇ ಇರು. ಆ ಪಿಶಾಚಿ ಬಂದ್ರೆ?"

ಮಾಬ್ಲೇಶ್ವರ ಆಗಲಿ ಎಂದು ತಲೆಯಾಡಿಸಿದ. ಇನ್ನೊಂದೇ ಒಂದು ಸಲ ಪಿಶಾಚಿಯಾಗಿ ಹೋಗಿ, ನಾನು ಕೆಟ್ಟವನಲ್ಲ, ಊರು ಬಿಟ್ಟು ಹೋಗುತ್ತಿದ್ದೇನೆ, ಹೆದರಬೇಡ ಎಂದು ಹೇಳಿ ಬಂದುಬಿಡಬೇಕೆಂದು ನಿಶ್ಚಯಿಸಿದ. ಆದರೆ ಶನಿವಾರಕ್ಕೆ ಮೊದಲಿನ ಎರಡು ದಿನವೂ ಆರು ಗಂಟೆಗೆ ಮಗಳು ಅವನ ಪಕ್ಕದಿಂದ ಏಳಲೇ ಇಲ್ಲ, ಆಟದ ಕಡೆ ತಲೆ ಹಾಕಲೂ ಇಲ್ಲ.

ಶನಿವಾರ ಶಾಲೆಯ ಹಾಲ್ ಕಿಕ್ಕಿರಿದಿತ್ತು. ನಂದಿನಿಯ ಮೊಬೈಲನ್ನು ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ಜೋಡಿಸಿ, ಸ್ವಾತಂತ್ರ್ಯ ದಿನಾಚರಣೆಯ ಸ್ಪೀಕರಿಗೆ ತಂತಿ ಸಿಕ್ಕಿಸಿದ್ದರು. ಜಟ್ಟು ಹುಟ್ಟು ತಂದಿದ್ದ. ಹೊನ್ನಮ್ಮ ಹಿಡಿಸೂಡಿ ತಂದಿದ್ದಳು. ಮಾಬ್ಲೇಶ್ವರ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ.

ಆರು ಗಂಟೆಯಾಯಿತು. ಆರೂ ಹತ್ತಾಯಿತು. ಪಿಶಾಚಿ ಬರಲಿಲ್ಲ.

"ಬರದಿದ್ರೆ ಇನ್ನೂ ಅಪಾಯ," ಎಂದರು ವಿನೋದ ಗಂಭೀರವಾಗಿ. "ಹೊರಗೇ ಎಲ್ಲೋ ಕಾಯ್ತಿದ್ದಾನೆ ಅಂತ ಅರ್ಥ."

ನಂದಿನಿಯ ಮುಖ ಬಿಳುಚಿಕೊಂಡಿತು. ಅದನ್ನು ನೋಡಿದ್ದೇ ಮಾಬ್ಲೇಶ್ವರ ಕಿರುಬೆರಳೆತ್ತಿ, "ಒಂದಕ್ಕೆ ಹೋಗಿ ಬತ್ತೆ," ಎಂದು ಎದ್ದ. ಹಾಲ್‌ಗೆ ಅಂಟಿಕೊಂಡೇ ಬಿಸಿಯೂಟದ ಅಡುಗೆ ಕೋಣೆ ಇತ್ತು. ನಡುವಿನ ಗೋಡೆ ಹಂಚಿನವರೆಗೂ ಮುಟ್ಟಿರಲಿಲ್ಲ. ಅವನು ಸಾಂಬಾರಿನ ಕೊಪ್ಪರಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲು ತೆರೆದ.

ಹಾಲ್‌ನಲ್ಲಿ ಒಮ್ಮೆಲೇ ಸ್ಪೀಕರು ಗುಡುಗಿತು. "ತಂಗೀ, ಹೆದ್ರಬೇಡ. ನಾ ಕೆಟ್ಟವನಲ್ಲ."

ಮಕ್ಕಳು ಚೀರಿದವು. ವಿನೋದ ಮಾತು ಮುಂದುವರಿಸುವಂತೆ ಕೈಸನ್ನೆ ಮಾಡಿದರು.

"ಇವತ್ತು ಕಡೇ ದಿವ್ಸ," ಎಂದಿತು ದೈತ್ಯ ಧ್ವನಿ. "ನಾಳೆ ಗೋವಾಕ್ಕೆ ಹೋಗ್ತೆ. ಮತ್ತೆ ಬರೂದಿಲ್ಲ."

"ಗೋವಾಕ್ಕೆ ಎಂತಕೆ?" ನಂದಿನಿ ನಡುಗುತ್ತ ಕೇಳಿದಳು.

"ಕೆಲ್ಸಕ್ಕೆ."

"ಪಿಶಾಚಿಗೂ ನಮ್ಮ ತಾಲೂಕಲ್ಲಿ ಕೆಲ್ಸ ಇಲ್ದೇ ಹೋಯ್ತೇ," ಎಂದು ಜಟ್ಟು ಪಿಸುಗುಟ್ಟಿದ.

"ನಿನ್ನ ಮನೆಲ್ಲಿ ಯಾರಿದ್ದಾರೆ?" ಎಂದಳು ನಂದಿನಿ.

"ಒಬ್ಳು ಮಗಳು. ನಿನ್ನಷ್ಟೇ ದೊಡ್ಡವ್ಳು. ಭಾರೀ ಹುಷಾರು. ಎಂತ ಆಡ್ತಿ ಮಗಾ ಅಂತ ಎದ್ರಿಗೆ ಕೂತು ಕೇಳ್ಬೇಕಿತ್ತು. ನಂಗೆ ಧೈರ್ಯ ಸಾಲ್ಲಿಲ್ಲ."

ಎದುರು ಸಾಲಿನ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೆಂಡ್ತಿ?"

"ಇದ್ದಾಳೆ. ಒಳ್ಳೆಯವ್ಳು. ಸಾರಿಗೆ ಉಪ್ಪು ಮಾತ್ರ ಒಂದು ಮುಷ್ಟಿ ಜಾಸ್ತಿ ಹಾಕ್ತಾಳೆ."

ಜಯಶ್ರೀ ಎದ್ದು ನಿಂತಳು. "ಎಂತ ಹೇಳ್ದ ಅಂವ?"

"ಅಕ್ಕಾ, ಕೂತ್ಕೊಳ್ಳಿ, ತನಿಖೆ ನಡೀತಾ ಇದೆ," ಎಂದರು ವಿನೋದ.

ಗೋಡೆಯ ಮೇಲೆ ರಕ್ತಪಿಶಾಚಿ ಬಯಲಿನ ನಡುವೆ ಒಬ್ಬನೇ ಕೈ ಇಳಿಬಿಟ್ಟು ನಿಂತಿದ್ದ. ತಂಡದವರಿಗೂ ಗುಂಡು ತಾಗುವ ಆಟ ಅದು. "ಹೊಡಿಯೇ ನಂದಿನೀ!" ಎಂದು ಸುನೀಲ ಕೂಗಿದ. ನಂದಿನಿ ಕಣ್ಣು ಕಿರಿದು ಮಾಡಿ ಗುರಿ ಇಟ್ಟಳು. ಢಂ ಎಂದಿತು.

"ಅಯ್ಯೋ, ಸತ್ತೆ!" ಎಂದು ಗೋಡೆಯಾಚೆಯ ಅಡುಗೆ ಕೋಣೆಯಿಂದ ಮಾಬ್ಲೇಶ್ವರನ ಧ್ವನಿ ಬಂತು.

"ಅಯ್ಯೋ, ಸತ್ತೆ!" ಎಂದು ಅದರ ಬೆನ್ನಿಗೇ ಸ್ಪೀಕರಿನಿಂದ ದೈತ್ಯನ ಧ್ವನಿ ಬಂತು.

ಅದರ ಬೆನ್ನಿಗೆ ಕೊಪ್ಪರಿಗೆಯ ಮುಚ್ಚಳ ಬಿದ್ದು ಇಡೀ ಶಾಲೆ ಝಣ್ ಎಂದಿತು.

ಎಲ್ಲರೂ ಒಟ್ಟಿಗೇ ಓಡಿದರು. ಸೌಟುಗಳ ನಡುವೆ, ಬೆಳಗುತ್ತಿರುವ ಮೊಬೈಲು ಹಿಡಿದು, ಅಧ್ಯಕ್ಷರು ಕುಕ್ಕರುಗಾಲಲ್ಲಿ ಕೂತಿದ್ದರು.

"ಒಂದಕ್ಕೆ ಅಂತ ಹೇಳಿ ಬಂದ್ರಲ್ಲ," ಎಂದರು ವಿನೋದ. "ಇಲ್ಲಿ ಎಂತ ಮಾಡ್ತಿದ್ದೀರಿ? ಪಿಶಾಚಿ ಎಲ್ಲಿ?"

"ನಾನೇಯ," ಎಂದ ಮಾಬ್ಲೇಶ್ವರ. ಹೊರಗಿನ ಸ್ಪೀಕರು ಅದನ್ನೇ ದೈತ್ಯ ಧ್ವನಿಯಲ್ಲಿ ಸಾರಿತು: "ನಾನೇಯ."

"ಅಯ್ಯೋ ನನ್ನ ಮಗನ ಮೈಮೇಲೆ ಬಂತಲ್ಲೋ!" ಎಂದು ಹೊನ್ನಮ್ಮ ಪಿಶಾಚಿ ಬಿಡಿಸಲು ಅವನ ಬೆನ್ನಿಗೆ ಹಿಡಿಸೂಡಿಯಿಂದ ನಾಲ್ಕು ಬಾರಿಸಿದಳು. ಜಟ್ಟು ಎತ್ತಿದ ಹುಟ್ಟನ್ನು ನಿಧಾನವಾಗಿ ಇಳಿಸಿದ.

ಮಾಬ್ಲೇಶ್ವರ ಅಲ್ಲೇ, ಕೊಪ್ಪರಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದ. ರಂಗೋಲಿ ಸುಳ್ಳು ಎಂದ. ಪಕ್ಕದಲ್ಲಿ ಕೂತದ್ದು ಸುಳ್ಳು ಎಂದ. ಹದಿನಾರು ಪ್ಲಸ್ಸಿನ ಅರ್ಥ ಗೊತ್ತಾದ ಮೇಲೂ ಮಗಳಿಗೆ ಹೇಳಲು ಬಾಯಿ ಬರಲಿಲ್ಲ ಎಂದ. ನಂದಿನಿ ಅಪ್ಪನನ್ನು ನೋಡಲಿಲ್ಲ. ನೆಲ ನೋಡುತ್ತ ನಿಂತಳು. ಬಹುಮಾನದ ಮಾತನ್ನು ಅವನು ಎತ್ತಲಿಲ್ಲ ಎಂಬುದನ್ನು ಮಾತ್ರ ಗಮನಿಸಿದಳು.

ಭಾರತಿ ಅಕ್ಕೋರು ಬಿದ್ದ ಮುಚ್ಚಳ ಎತ್ತಿ ಕೊಪ್ಪರಿಗೆಯ ಮೇಲಿಟ್ಟರು. ಆಮೇಲೆ, "ಮಾಡಿದ್ದು ತಪ್ಪೇ," ಎಂದರು. "ಮಕ್ಕಳ ಬೆನ್ನ ಹಿಂದೆ ಹೀಗೆ ಹೋಗೂದಲ್ಲ. ಆದ್ರೂ ಒಂದು ವಿಷಯ ಹೇಳ್ಬೇಕು. ಅಂಥ ಹೊಡೆದಾಟದ ನಡುವೆ ಹದಿನೆಂಟು ದಿನ ಇದ್ದು ಒಂದು ಗುಂಡೂ ಹಾರಿಸ್ಲಿಲ್ಲ ಅಂದ್ರೆ ಆ ಮನಸ್ಸು ಎಂಥದ್ದಿರಬೇಕು! ಆ ಸಂಯಮ ನಾವೆಲ್ಲ ಕಲೀಬೇಕು."

ಜನ ಚಪ್ಪಾಳೆ ತಟ್ಟಿದರು. ಮಾಬ್ಲೇಶ್ವರ ತಲೆ ತಗ್ಗಿಸಿದ. ಸಂಯಮಿಗಳು ತಗ್ಗಿಸುವ ಹಾಗೆಯೇ ತಗ್ಗಿಸಿದ.

ದೂರುದಾರನೂ ಆರೋಪಿಯೂ ಒಬ್ಬನೇ ಆದ್ದರಿಂದ ವಿನೋದ ರಾಜಿ ಪತ್ರ ಬರೆದು ಎರಡೂ ಕಡೆಯವರ ಸಹಿಯನ್ನು ಮಾಬ್ಲೇಶ್ವರನಿಂದಲೇ ಹಾಕಿಸಿಕೊಂಡರು. ಜೀಪು ಹತ್ತುವ ಮೊದಲು ಅವನನ್ನು ಬದಿಗೆ ಕರೆದು, ಟೊಪ್ಪಿ ತೆಗೆದು, "ಅಧ್ಯಕ್ಷರೇ, ಆ ಧ್ವನಿ ಇನ್ನೂ ಇದೆ ಅಲ್ವಾ?" ಎಂದು ಕೇಳಿದರು. "ನಮ್ಮ ಹುಡುಗ ಹಾಗಲಕಾಯಿ ಮುಟ್ಟೂದಿಲ್ಲ. ಒಂದೇ ಒಂದು ಮಾತು ಹೇಳಿದ್ರೆ..."

ಜಯಶ್ರೀ ಮೊಬೈಲು ಕಸಿದುಕೊಂಡಳು. ಅವಳ ತೀರ್ಪು ಶಾಲೆಯ ಗೇಟಿನಲ್ಲೇ ಹೊರಬಿತ್ತು. ರಣದ್ವೀಪ ಇಬ್ಬರ ಮೊಬೈಲಿನಿಂದಲೂ ಈಗಲೇ ಹೋಗಬೇಕು. ಹದಿನಾರು ತುಂಬಿದ ಮೇಲೆ ನೋಡೋಣ. ಬೇರೆ ಯಾವ ಆಟವಾದರೂ ಜಗಲಿಯಲ್ಲಿ, ಅಪ್ಪ ಮಗಳು ಒಂದೇ ಬೆಂಚಿನ ಮೇಲೆ ಕೂತು, ತಮ್ಮ ತಮ್ಮ ಧ್ವನಿಯಲ್ಲೇ ಮಾತಾಡುತ್ತ ಆಡಬೇಕು. ಮತ್ತು ಇವತ್ತಿನಿಂದ ಸಾರಿಗೆ ಉಪ್ಪೇ ಇಲ್ಲ.

ಗಂಗಾವಳಿಯ ದಡದ ದಾರಿಯಲ್ಲಿ ನಂದಿನಿ ದುರುದುರು ಮುಂದೆ ನಡೆದಳು. ಮಾಬ್ಲೇಶ್ವರ ಹತ್ತು ಹೆಜ್ಜೆ ಹಿಂದೆ ನಡೆದ. ಜಯಶ್ರೀ, ಹೊನ್ನಮ್ಮ ಇನ್ನೂ ಹಿಂದಿದ್ದರು. ಅರ್ಧ ದಾರಿಯಾದ ಮೇಲೆ ನಂದಿನಿ ನಿಂತಳು.

"ಅಪ್ಪಾ, ಖರೆ ಹೇಳು. ಅಕ್ಕೋರು ಹೇಳಿದ್ರಲ್ಲ ಸಂಯಮ ಅಂತ. ನೀ ಬೇಕಂತಲೇ ಗುಂಡು ಹಾರಿಸ್ಲಿಲ್ವೇ?"

ಮಾಬ್ಲೇಶ್ವರ ಹಿಂದಿರುಗಿ ನೋಡಿ, ಹೆಂಡತಿ ದೂರದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡ. ಸುಳ್ಳು ಹೇಳಿ ಅವನಿಗೂ ಸಾಕಾಗಿತ್ತು.

"ಎಂತ ಸಂಯಮ ಮಗಾ! ನಿನ್ನ ಮೇಲೆ ಗುಂಡು ಹಾರಿಸ್ತಿದ್ನಲ್ಲ ಆ ಹಸ್ರು ಟೊಪ್ಪಿಯಂವ, ಅವಂಗೆ ಹತ್ತು ಗುಂಡು ಹೊಡಿಬೇಕು ಅಂತ ದಿನಾ ಕೈ ತುರಿಸ್ತಿತ್ತು. ಯಾವ ಬಟನ್ ಒತ್ತೂದು ಅಂತಲೇ ಗೊತ್ತಾಗ್ಲಿಲ್ಲ."

"ಬಲಗಡೆ ಅಷ್ಟು ದೊಡ್ಡ ಕೆಂಪು ಬಟನ್ ಅದ್ಯಲ್ಲಾ!"

"ಅದೇ?" ಮಾಬ್ಲೇಶ್ವರ ಹಣೆ ಬಡಿದುಕೊಂಡ. "ಒತ್ತಿದ್ರೆ ಫೋನು ಕಟ್ ಆಗ್ತದೆ ಅಂತ ನಾ ಅದನ್ನ ಮುಟ್ಟಲೇ ಇಲ್ಲ ಮಾರಾಯ್ತಿ!"

ನಂದಿನಿ ದಾರಿಯ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.